ಖಾಸಿಂಸಾಬರ ಲೈಸನ್ಸು, ನನ್ನ ಫಾರ್ಮು

ಹೋದ ತಿಂಗಳು ಲಿಂಗಸುಗೂರಿನ ನನ್ನ ಹಳೆಯ ಮೇಜಿಗೆ ಹೊಸದಾಗಿ ಬಂದ ಹುಡುಗಿ ಫೋನು ಮಾಡಿದ್ದಳು. "ಅಕ್ಕಾರ, ಲೈಸನ್ಸ್ ಒಬ್ಬರದು, ಕೆಲಸ ಮಾಡೋರು ಇನ್ನೊಬ್ಬರು ಇದ್ರ ನಾವೇನು ಮಾಡಬೇಕ್ರಿ?" ಎಂದು ಕೇಳಿದಳು. ನನಗೆ ಎಷ್ಟು ನಗು ಬಂತೆಂದರೆ, ಪಾಪ, ಆ ಹುಡುಗಿ ತಾನೇನೋ ತಪ್ಪು ಕೇಳಿದೆ ಎಂದು ಫೋನು ಇಟ್ಟುಬಿಟ್ಟಳು. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಹಾದೇವಿ. ಮೂವತ್ತು ವರ್ಷಕ್ಕೂ ಮೇಲೆ ಟೆಂಡರ್ ಗುಮಾಸ್ತೆಯಾಗಿದ್ದೆ. ರಸ್ತೆ, ಕಟ್ಟಡ, ಸಣ್ಣ ಸೇತುವೆಗಳನ್ನು ಮಾಡಿಸುವ ಇಲಾಖೆ. ಅದರ ಹೆಸರು ಬರೆಯುವುದಿಲ್ಲ, ಪಿಂಚಣಿ ಅಲ್ಲಿಂದಲೇ ಬರುತ್ತದೆ. ನನ್ನ ಬಡ್ತಿಯ ಕಥೆಯನ್ನೂ ಬರೆಯುವುದಿಲ್ಲ. ಅದು ಒಂದೇ ಸಾಲಿಗೆ ಮುಗಿದುಹೋಗುತ್ತದೆ, ಆ ಸಾಲೂ ಅಷ್ಟೇನು ಚೆನ್ನಾಗಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವಾರ ನಡೆದದ್ದು ಇದು. ಕಾರ್ಯಾದೇಶ ಎಂಬ ಕಾಗದವನ್ನು ಗುತ್ತಿಗೆದಾರರ ಕೈಗೆ ಕೊಟ್ಟು ಸಹಿ ಪಡೆಯಬೇಕಿತ್ತು. ಅದು ಸಿಕ್ಕ ಮೇಲೆಯೇ ಅವರು ಕೆಲಸ ಶುರುಮಾಡುವುದು. ನಾನು ವರಾಂಡಕ್ಕೆ ಬಂದು, ಶಾಲೆಯ ಹಾಜರಿ ಕೂಗುವ ಮಾಸ್ತರಂತೆ ಗಂಟಲು ಸರಿಮಾಡಿಕೊಂಡು, "ಖಾಸಿಂಸಾಬ, ಮಸ್ಕಿ!" ಎಂದು ಕೂಗಿದೆ. ಬೆಂಚಿನಿಂದ ಮೂವರು ಎದ್ದರು.

ಒಬ್ಬರ ಹಣೆಯ ತುಂಬ ವಿಭೂತಿ. ಅವರು ಲಿಂಗಸುಗೂರಿನ ಅಮರೇಶಪ್ಪ. ಎರಡನೆಯವರು ಪಕ್ಕದವರೊಡನೆ ತೆಲುಗಿನಲ್ಲಿ ಆಡುತ್ತಿದ್ದ ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದಿದ್ದರು. ಸಿಂಧನೂರು ಕಡೆ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ವೆಂಕಟರಾಯರು. ಮೂರನೆಯವರು ಮುಂದೆ ಗುತ್ತಿಗೆ ಬಿಟ್ಟು ಕಿರಾಣಿ ಅಂಗಡಿ ಹಾಕಿದರು, ಅವರನ್ನು ಬಿಡೋಣ. "ನಿಮ್ಮಲ್ಲಿ ಖಾಸಿಂಸಾಬರು ಯಾರ್ರಿ?" ಎಂದೆ. ಮೂವರೂ ಒಟ್ಟಿಗೆ ಹೊರಗೆ ಕೈ ತೋರಿಸಿದರು. ಮೆಟ್ಟಿಲ ಮೇಲೆ ಬಿಳಿ ಟೊಪ್ಪಿಗೆಯ ಒಬ್ಬ ಮನುಷ್ಯ ಬಸಿಯಲ್ಲಿ ಚಹಾ ಊದಿಕೊಂಡು ಕುಡಿಯುತ್ತ ಕೂತಿದ್ದರು.

"ನಿಮ್ಮ ಹೆಸರು ಕೂಗಿದ್ನಲ್ರಿ, ಏಳಲಿಲ್ಲ ಯಾಕ?" ಎಂದು ಕೇಳಿದೆ.

"ಅದು ನಂದು ಇರಲಿಕ್ಕಿಲ್ಲ ತಗೋರಿ ಬಾಯಿ," ಎಂದರು ಅವರು, ಬಸಿ ಕೆಳಗಿಡದೆ. "ನಂದು ಒಂದ ಕೆಲಸ ಐತಿ. ಅದರ ಕಾಗದ ಹೋದ ವಾರನ ಒಯ್ದೀನಿ. ಉಳಿದಿದ್ದೆಲ್ಲ ನನ್ನ ಹೆಸರು ಅಷ್ಟ."

ಒಳಗೆ ಬಂದು ಹೆಡ್ ಕ್ಲರ್ಕರಿಗೆ ಹೇಳಿದರೆ, ಅವರು ತಲೆ ಎತ್ತದೆ, "ಇಲ್ಲಿ ಒಂದೊಂದು ಕೆಲಸಕ್ಕ ಎರಡೆರಡು ಹೆಸರು ಇರ್ತಾವ್ರಿ ಮಾದೇವಕ್ಕ. ಕಾಗದದ ಹೆಸರು ಬರಕೋರಿ, ಕೆಲಸದ ಹೆಸರು ನೆನಪಿಟ್ಕೋರಿ," ಎಂದರು. ನನಗೆ ಸಿಕ್ಕ ತರಬೇತಿ ಇಷ್ಟೇ.

ಖಾಸಿಂಸಾಬರು ಗೌಂಡಿ. ಕಾಲುವೆಯ ತೂಬುಗಳ ಕಲ್ಲು ಕಟ್ಟುತ್ತ ಕಟ್ಟುತ್ತ ಮೇಲೆ ಬಂದವರು. ಕೈಯಾರೆ ಮಾಡಿದ ಕೆಲಸಗಳನ್ನು ತೋರಿಸಿಯೇ ಅವರು ಗುತ್ತಿಗೆದಾರನ ಲೈಸನ್ಸು ಪಡೆದಿದ್ದರು. ಮಸ್ಕಿಯ ಮನೆಯ ಪಡಸಾಲೆಯಲ್ಲಿ ಅದಕ್ಕೆ ಕಟ್ಟು ಹಾಕಿಸಿ, ಗಾಜು ಹಾಕಿಸಿ ತೂಗುಹಾಕಿದ್ದರು. ಅವರ ಬಳಿ ಇನ್ನೊಂದು ಆಸ್ತಿಯೂ ಇತ್ತು. ಮನೆಗೆ ಸ್ಲ್ಯಾಬು ಹಾಕುವಾಗ ಕೆಳಗೆ ಕೊಡುವ ಕಬ್ಬಿಣದ ಸೆಂಟ್ರಿಂಗ್ ಶೀಟುಗಳು. ಓಣಿಯಲ್ಲಿ ಯಾರೇ ಮನೆ ಕಟ್ಟಲಿ, ಹಿಂದೂವೋ ಮುಸಲ್ಮಾನರೋ, ಬಂದು ಕೇಳಿದರೆ ಶೀಟು ಕೊಡುತ್ತಿದ್ದರು. ಬಾಡಿಗೆ ಇಲ್ಲ. ಸಿಮೆಂಟು ಕೆರೆದು ತೊಳೆದು ವಾಪಸು ತಂದಿಡಬೇಕು, ಅದೊಂದೇ ಕರಾರು.

ಅವರ ಮಟ್ಟಿಗೆ ಲೈಸನ್ಸು ಕೂಡ ಅಂಥದ್ದೇ ಒಂದು ಶೀಟು. ತಮ್ಮ ಬಳಿ ಇದೆ, ಬಂದವರ ಬಳಿ ಇಲ್ಲ, ಕೇಳಿದ್ದಾರೆ, ಕೊಟ್ಟರಾಯಿತು. ಮನೆಗೆ ಬಂದು ಚಹಾ ಕುಡಿದವರಿಗೆ ಇಲ್ಲ ಎನ್ನುವ ನಾಲಿಗೆ ಅವರಿಗಿರಲಿಲ್ಲ. ಉರ್ದುವಿನಲ್ಲಿ ಬಳುಕಿಸಿ ಒಂದು ದಸ್ಕತ್ತು ಹಾಕಿ ಕೊಟ್ಟುಬಿಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಾನೂ ಬಹಳ ವರ್ಷ ನಂಬಿರಲಿಲ್ಲ.

ನಮ್ಮ ಕಡೆಯವರಿಗೆ ಲೈಸನ್ಸು ಎಂದರೆ ಕೈಯಿಂದ ಕೈಗೆ ಹೋಗುವ ವಸ್ತು ಎಂಬ ನಂಬಿಕೆ ಎಷ್ಟು ಗಟ್ಟಿ ಎಂಬುದಕ್ಕೆ ತುರ್ವಿಹಾಳದ ಕಡೆಯ ಅಣ್ಣತಮ್ಮಂದಿರ ಸಂಗತಿ ಹೇಳಬೇಕು. ಅವರ ತಂದೆ ಗುತ್ತಿಗೆದಾರರಾಗಿದ್ದರು, ತೀರಿಕೊಂಡರು. ಮಕ್ಕಳು ಮೂವರೂ ಛಾಪಾ ಕಾಗದದ ಮೇಲೆ ಪಾಲುಪಟ್ಟಿ ಬರೆಸಿಕೊಂಡು ನನ್ನೆದುರು ಬಂದು ನಿಂತರು. ಕಾಲುವೆ ಮಗ್ಗುಲಿನ ಗದ್ದೆ ಹಿರಿಯನಿಗೆ, ಮನೆ ನಡುವಿನವನಿಗೆ, 'ತಂದೆಯವರ ಕಂತ್ರಾಟ ಲೈಸನ್ಸು ಕಿರಿಯನಿಗೆ' ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಪಂಚರು ಸಹಿ ಮಾಡಿದ್ದರು. ಲೈಸನ್ಸು ಇದ್ದವರು ತೀರಿಕೊಂಡ ದಿನವೇ ಅದೂ ಮುಗಿಯಿತು, ಅದು ಹೊಲದ ಪಹಣಿಯ ಹಾಗೆ ವಾರಸಾ ಆಗುವುದಿಲ್ಲ, ನಿನಗೆ ಬೇಕೆಂದರೆ ನಿನ್ನ ಅನುಭವ ತೋರಿಸಿ ನೀನೇ ಹೊಸದಾಗಿ ನೋಂದಾಯಿಸಿಕೊಳ್ಳಬೇಕು ಎಂದು ಕಿರಿಯನಿಗೆ ತಿಳಿಸಿ ಹೇಳಿದೆ.  ಅವನು ಅಣ್ಣಂದಿರ ಕಡೆ ತಿರುಗಿ, "ಹಂಗಾರ ನನ್ನ ಪಾಲಿಗೆ ಬಂದಿದ್ದು ಬರೇ ಕಟ್ಟು ಮತ್ತ ಗಾಜು ಏನ್ರೋ?" ಎಂದ. ಅಲ್ಲಿಂದ ಗೇಟಿನವರೆಗೂ ಜಗಳ ಕೇಳುತ್ತಲೇ ಇತ್ತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಟೆಂಡರ್ ಫಾರ್ಮು ಒಯ್ಯಲು, ತುಂಬಿದ್ದನ್ನು ಪೆಟ್ಟಿಗೆಗೆ ಹಾಕಲು ಗುತ್ತಿಗೆದಾರರು ತಮ್ಮ ಕಡೆಯವರನ್ನು ಕಳಿಸುತ್ತಿದ್ದರು. ಅವರು ತರುವ ಅಧಿಕಾರ ಪತ್ರಗಳು ಒಂದೊಂದು ಒಂದೊಂದು ಥರ ಇರುತ್ತಿದ್ದವು. ಒಬ್ಬರಂತೂ ಮದುವೆ ಕರೆಯೋಲೆಯ ಹಿಂಬದಿಗೆ ಬರೆದು ಕಳಿಸಿದ್ದರು. ಬೇಸರವಾಗಿ ನಾನೇ ಒಂದು ನಮೂನೆ ಮಾಡಿದೆ. 'ಈ ಪತ್ರ ತಂದವರು ನನ್ನ ಪರವಾಗಿ ಟೆಂಡರಿಗೆ ಸಂಬಂಧಿಸಿದ ಎಲ್ಲ ಕೆಲಸಗಳನ್ನೂ ಮಾಡಲು ಅಧಿಕಾರ ಉಳ್ಳವರು.' ಹೆಸರಿಗೆ ಜಾಗ ಖಾಲಿ, ತಾರೀಖಿಗೆ ಜಾಗ ಖಾಲಿ, ಯಾವ ಕೆಲಸ ಎಂಬುದಕ್ಕೆ ಜಾಗವೇ ಇಲ್ಲ. ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅದು 'ಅಕ್ಕಾರ ಫಾರ್ಮು' ಎಂದೇ ಮಾರಾಟವಾಗತೊಡಗಿತು. ನನಗೆ ಒಳಗೊಳಗೇ ಹೆಮ್ಮೆ. ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಅದನ್ನು ಕೇಳುತ್ತಿದ್ದುದನ್ನು ಕಂಡ ದಿನ ಮನೆಯಲ್ಲಿ ಹುಗ್ಗಿ ಮಾಡಿದ್ದೆ.

ಆ ಕಾಲದಲ್ಲಿ ನಮ್ಮ ದೊಡ್ಡ ಸಾಹೇಬರಾಗಿ ಬಂದವರು ಮೈಸೂರು ಕಡೆಯವರು. ನಿಯಮದ ಪುಸ್ತಕಕ್ಕೆ ಹಳೆಯ ಕ್ಯಾಲೆಂಡರಿನ ಹೊದಿಕೆ ಹಾಕಿ ಇಟ್ಟುಕೊಂಡಿದ್ದರು. ಯಾವ ನಿಯಮವನ್ನೇ ಆಗಲಿ ಎರಡು ಸಲ ಓದುತ್ತಿದ್ದರು, ಒಮ್ಮೆ ತಮಗೆ, ಒಮ್ಮೆ ನಮಗೆ. ಒಳ್ಳೆಯ ಮನುಷ್ಯ, ಆದರೆ ಪ್ರಮಾಣಪತ್ರದ ಹುಚ್ಚು. ಸ್ಲ್ಯಾಬು ಹಾಕಿದ ದಿನ ಗುತ್ತಿಗೆದಾರರು ಖುದ್ದು ಸ್ಥಳದಲ್ಲಿದ್ದರು ಎಂಬ ಪ್ರಮಾಣಪತ್ರ ಪ್ರತಿ ಕಡತದಲ್ಲೂ ಇರಲೇಬೇಕು ಎಂದು ಹುಕುಂ ಮಾಡಿದರು. ಅದನ್ನು ನಾನು ಬರೆಯುತ್ತಿದ್ದೆ, ಅವರು ಸಹಿ ಮಾಡುತ್ತಿದ್ದರು. ಬೆಳಿಗ್ಗೆ ಇಟ್ಟರೆ ಓದುತ್ತಾರೆ, ಊಟವಾದ ಮೇಲೆ ಇಟ್ಟರೆ ಓದುವುದಿಲ್ಲ ಎಂಬುದನ್ನು ವಾರದಲ್ಲೇ ಕಂಡುಕೊಂಡಿದ್ದೆ. ನಾನು ಊಟವಾದ ಮೇಲೆ ಇಡುತ್ತಿದ್ದೆ.

ಹೀಗಿರುವಾಗ ತುರ್ವಿಹಾಳದ ಹತ್ತಿರ ಕಾಲುವೆಯ ಮೇಲಿನ ಸಣ್ಣ ಸೇತುವೆಗೆ ಟೆಂಡರು ಕರೆದಿದ್ದೆವು. ಪೆಟ್ಟಿಗೆ ಒಡೆದು ಲಕೋಟೆ ತೆಗೆಯುವ ದಿನ ಎಲ್ಲರೂ ಸೇರಿದ್ದರು. ಮೊದಲ ಲಕೋಟೆ ತೆರೆದು, "ಖಾಸಿಂಸಾಬ, ಮಸ್ಕಿ," ಎಂದು ದರ ಓದಿದೆ. ಎರಡನೆಯದು ಬೇರೆಯವರದು. ಮೂರನೆಯದು ತೆರೆದು ಬಾಯಿ ತೆರೆದವಳು ಹಾಗೇ ನಿಂತೆ.

"ಓದ್ರೀ," ಎಂದರು ಸಾಹೇಬರು.

"ಖಾಸಿಂಸಾಬ, ಮಸ್ಕಿ," ಎಂದೆ.

"ಅದನ್ನ ಆಗಲೇ ಓದಿದ್ರಲ್ರೀ."

"ಇದು ಇನ್ನೊಂದು ಸರ್. ದರ ಕಡಿಮಿ ಐತಿ."

ಸಾಹೇಬರು ಎರಡೂ ಕಾಗದಗಳನ್ನು ಕೈಯಲ್ಲಿ ಹಿಡಿದು ನೋಡಿದರು. ಅದೇ ಲೈಸನ್ಸು, ಅದೇ ಉರ್ದು ದಸ್ಕತ್ತು. "ಈ ಮನುಷ್ಯ ತನ್ನ ಮೇಲೆ ತಾನೇ ಪೈಪೋಟಿಗೆ ಬಿದ್ದಿದ್ದಾನಲ್ರೀ!" ಎಂದರು. ಅಷ್ಟರಲ್ಲಿ ಹಿಂದೆ ಗದ್ದಲ ಎದ್ದಿತು. ಅಮರೇಶಪ್ಪನವರು ವೆಂಕಟರಾಯರ ಕಡೆ ಬೆರಳು ತೋರಿಸಿ, "ಖಾಸಿಂಸಾಬ ನಾ ಅದೀನಿ, ನೀ ಯಾವಾಗ ಆದಿ?" ಎಂದು ಕೂಗಿದರು. "ಅಯ್ಯೋ, ಮೊನ್ನೆ ಸೋಮವಾರದಿಂದ ನಾನೇ ಅಂಡಿ!" ಎಂದರು ವೆಂಕಟರಾಯರು. ಇಡೀ ಕೋಣೆ ನಕ್ಕಿತು. ಸಾಹೇಬರು ನಗಲಿಲ್ಲ.

ಇಬ್ಬರೂ ಬೇರೆ ಬೇರೆ ದಿನ ಮಸ್ಕಿಗೆ ಹೋಗಿದ್ದರು, ಇಬ್ಬರೂ ಚಹಾ ಕುಡಿದಿದ್ದರು, ಇಬ್ಬರೂ 'ಅಕ್ಕಾರ ಫಾರ್ಮಿ'ನ ಮೇಲೆ ದಸ್ಕತ್ತು ತಂದಿದ್ದರು. ಯಾವ ಕೆಲಸಕ್ಕೆ ಎಂದು ಖಾಸಿಂಸಾಬರು ಕೇಳಿರಲಿಲ್ಲ. ಕೇಳುವುದಕ್ಕೆ ಫಾರ್ಮಿನಲ್ಲಿ ಜಾಗ ಇದ್ದರೆ ತಾನೆ? ನಗುವವರ ಜೊತೆ ನಾನೂ ನಗುತ್ತಿದ್ದವಳು ಅದು ಹೊಳೆದ ಕೂಡಲೇ ತಣ್ಣಗಾದೆ.

ಮರುದಿನವೇ ಸಾಹೇಬರು ನೋಟೀಸು ಹೊರಡಿಸಿದರು. ಒಂದೇ ಕೆಲಸಕ್ಕೆ ಒಂದೇ ಹೆಸರಿನಲ್ಲಿ ಎರಡು ಟೆಂಡರು ಹಾಕಿದ್ದಕ್ಕೆ, ಲೈಸನ್ಸನ್ನು ಪರರ ಬಳಕೆಗೆ ಕೊಟ್ಟಿದ್ದಕ್ಕೆ, ನೋಂದಣಿ ರದ್ದುಮಾಡಿ ಹೆಸರನ್ನು ಕಪ್ಪುಪಟ್ಟಿಗೆ ಏಕೆ ಸೇರಿಸಬಾರದು ಎಂದು ಏಳು ದಿನದೊಳಗೆ ಉತ್ತರಿಸಬೇಕು. ಅದನ್ನು ಟೈಪು ಮಾಡಿದವಳೂ ನಾನೇ.

ನೋಟೀಸು ಹಿಡಿದುಕೊಂಡು ಬಂದದ್ದು ಖಾಸಿಂಸಾಬರಲ್ಲ, ಅವರ ಮಗಳು ಶಾಹಿನಾ. ಸಿವಿಲ್ ಡಿಪ್ಲೊಮಾ ಆಗಷ್ಟೇ ಮುಗಿಸಿದ್ದಳು. ಬಂದವಳೇ ನನ್ನ ಮೇಜಿನ ಮೇಲೆ ಫಾರ್ಮನ್ನು ಇಟ್ಟು, "ಅಕ್ಕಾರ, ಇದನ್ನ ಬರದವ್ರು ಯಾರ್ರಿ? ಅವರನ್ನ ಒಂದ್ಸಲ ನೋಡಬೇಕಾಗೇತಿ," ಎಂದಳು.

"ಯಾಕವ್ವಾ?"

"ನಮ್ಮಪ್ಪಗ ಕನ್ನಡ ಓದಾಕ ಬರೂದಿಲ್ರಿ. ಬರದವ್ರಿಗೆ ಬರ್ತಿತ್ತಲ್ಲ?"

ನಾನು ಎಂದು ಹೇಳುವ ಧೈರ್ಯ ಅವತ್ತು ನನಗೆ ಬರಲಿಲ್ಲ. ನಾಚಿಕೆಯಾಯಿತು, ಭಯವೂ ಆಯಿತು. ಅವಳನ್ನು ಕೂರಿಸಿ, ಅದುವರೆಗೆ ಯಾರಿಗೂ ಸರಿಯಾಗಿ ಹೇಳದಿದ್ದ ಕಾನೂನನ್ನು ಹೇಳಿದೆ. ಅಧಿಕಾರ ಪತ್ರ ಎಂದರೆ ಕಾಗದ ತಂದುಕೊಡುವ, ಒಯ್ಯುವ ಅಧಿಕಾರ ಅಷ್ಟೇ, ಲೈಸನ್ಸು ಬೇರೆಯವರದಾಗುವುದಿಲ್ಲ. ಕೆಲಸದಲ್ಲಿ ಒಂದು ಭಾಗವನ್ನು ಇನ್ನೊಬ್ಬರಿಗೆ ಒಪ್ಪಿಸಬೇಕೆಂದರೂ ಇಲಾಖೆಯ ಲಿಖಿತ ಅನುಮತಿ ಬೇಕು. ಗೋಡೆ ಬಿರಿದರೆ ಕಟ್ಟಿದವನನ್ನು ಯಾರೂ ಕೇಳುವುದಿಲ್ಲ, ಕಾಗದದಲ್ಲಿ ಹೆಸರಿದ್ದವರನ್ನೇ ಕೇಳುತ್ತಾರೆ.

ಶಾಹಿನಾ ಎಲ್ಲವನ್ನೂ ಕೇಳಿಸಿಕೊಂಡು, "ನಮ್ಮಪ್ಪ ಲೈಸನ್ಸ್ ನನ್ನ ಹೆಸರಿಗೆ ಮಾಡಿ ಕೊಡ್ತೀನಿ ಅಂತ ಕುಂತಾನ್ರಿ," ಎಂದಳು. "ನಾ ಡಿಪ್ಲೊಮಾ ಮಾಡಿದ್ದ ಅದಕ್ಕ."

ಹಾಗೆ ಮಾಡಿಕೊಡಲು ಬರುವುದಿಲ್ಲ ಎಂದೆ. ತಂದೆ ಮಗಳು ಪಾಲುದಾರರಾಗಿ ಒಂದು ಫರ್ಮು ಮಾಡಿ, ಅದನ್ನು ಹೊಸದಾಗಿ ನೋಂದಾಯಿಸಬಹುದು. ತಂದೆಯ ಅನುಭವ, ಮಗಳ ಓದು ಎರಡೂ ಲೆಕ್ಕಕ್ಕೆ ಬರುತ್ತವೆ. ಆದರೆ ಕಪ್ಪುಪಟ್ಟಿಯಲ್ಲಿ ಹೆಸರು ಬಂದವರು ಪಾಲುದಾರರಾಗುವಂತಿಲ್ಲ. ಅಪ್ಪ ಕೈಯಾರೆ ಕಟ್ಟಿದ ತೂಬುಗಳು, ಶಾಲೆಯ ಕೋಣೆಗಳು ಯಾವುದೂ ಮಗಳ ಉಪಯೋಗಕ್ಕೆ ಬರುವುದಿಲ್ಲ. ಅವಳ ಮುಖ ಸಣ್ಣದಾಯಿತು. ಆಮೇಲೆ, "ಅಪ್ಪನ ಹೆಸರಿನ ಕಡತ ಎಲ್ಲಾ ತೋರಸ್ರಿ," ಎಂದಳು.

ಅವುಗಳನ್ನು ನೋಡುವ ಹಕ್ಕು ಲೈಸನ್ಸುದಾರರಿಗಿದೆ, ಮಗಳ ಕೈಯಲ್ಲಿ ಅಪ್ಪನ ಅಧಿಕಾರ ಪತ್ರವೂ ಇತ್ತು. ನನ್ನದೇ ಫಾರ್ಮು! ಕಡತಗಳನ್ನು ತಂದುಕೊಟ್ಟೆ. ಮೂರು ಪ್ರಮಾಣಪತ್ರಗಳು ಅವಳ ಕಣ್ಣಿಗೆ ತಪ್ಪದೆ ಬೀಳಲಿ ಎಂದು ಮೂರು ಕಡತಗಳನ್ನು ಮೇಲೆಯೇ ಇಟ್ಟಿದ್ದೆ ಎಂಬುದನ್ನು ಈಗ ಒಪ್ಪಿಕೊಳ್ಳಲು ಅಡ್ಡಿಯಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.

ವಿಚಾರಣೆಯ ದಿನ ಖಾಸಿಂಸಾಬರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಬಂದರು. ಸಾಹೇಬರು ನಿಯಮವನ್ನು ಎರಡು ಸಲ ಓದಿ, "ನಿಮ್ಮ ಲೈಸನ್ಸನ್ನ ಬೇರೆಯವರಿಗೆ ಕೊಟ್ಟಿದ್ದೀರಾ?" ಎಂದು ಕೇಳಿದರು.

"ಕೊಟ್ಟೀನ್ರಿ."

"ಯಾರ್‍ಯಾರಿಗೆ?"

"ಬಂದವ್ರಿಗೆಲ್ಲಾ ಕೊಟ್ಟೀನ್ರಿ ಸಾಹೇಬ್ರ. ಸೆಂಟ್ರಿಂಗ್ ಶೀಟೂ ಕೊಡ್ತೀನಿ. ನಿಮ್ಮ ಮನಿ ಕಟ್ಟೂದಿದ್ರ ಹೇಳ್ರಿ, ಕಳಸ್ತೀನಿ."

ಸಾಹೇಬರು ನನ್ನ ಕಡೆ ತಿರುಗಿ, "ಒಪ್ಪಿಕೊಂಡಿದ್ದಾರೆ ಅಂತ ಬರೀರಿ," ಎಂದರು. ನಡಾವಳಿ ಬರೆಯುತ್ತಿದ್ದವಳು ನಾನು. ಪೆನ್ನು ಮುಂದೆ ಹೋಗಲಿಲ್ಲ. ಖಾಸಿಂಸಾಬರು ನನ್ನ ಕಡೆ ನೋಡಿ, ಬರ್ಕೋರಿ ಪರವಾಗಿಲ್ಲ ಎಂಬಂತೆ ತಲೆ ಆಡಿಸಿದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಸರ್, ಆ ಫಾರ್ಮು ನಂದು. ಯಾವ ಕೆಲಸ ಅಂತ ಬರಿಯಾಕ ಜಾಗ ಬಿಡದಿದ್ದವಳು ನಾನು. ಇವರಿಗೆ ಅದರಾಗ ಏನೈತಿ ಅಂತ ಓದಿ ಹೇಳಿದವ್ರು ಯಾರೂ ಇಲ್ಲ," ಎಂದೆ. ಶಾಹಿನಾ ನನ್ನನ್ನೇ ದಿಟ್ಟಿಸಿ ನೋಡಿದಳು.

"ನಿಮ್ಮದನ್ನ ಆಮೇಲೆ ನೋಡೋಣ, ಕೂತ್ಕೊಳ್ಳಿ," ಎಂದರು ಸಾಹೇಬರು.

ಆಗ ಶಾಹಿನಾ ಎದ್ದು ಮೂರು ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಸಿಂಧನೂರಿನ ಹಾಸ್ಟೆಲಿನ ಕೋಣೆ, ಲಿಂಗಸುಗೂರಿನ ಒಂದು ಶೌಚಾಲಯ, ಮಸ್ಕಿಯ ಶಾಲೆ. ಮೂರರಲ್ಲೂ 'ಸ್ಲ್ಯಾಬು ಹಾಕಿದ ಹೊತ್ತಿನಲ್ಲಿ ಗುತ್ತಿಗೆದಾರರಾದ ಖಾಸಿಂಸಾಬರು ಖುದ್ದು ಸ್ಥಳದಲ್ಲಿದ್ದು ಕೆಲಸ ಮಾಡಿಸಿದ್ದನ್ನು ನಾನು ಕಣ್ಣಾರೆ ಕಂಡಿರುತ್ತೇನೆ' ಎಂದಿತ್ತು. ಮೂರಕ್ಕೂ ಒಂದೇ ತಾರೀಖು, ಒಂದೇ ಹೊತ್ತು.

"ಸರ್, ಒಂದು ತಿಳೀವಲ್ದು," ಎಂದಳು, ಬಹಳ ವಿನಯದಿಂದ. "ನಮ್ಮಪ್ಪ ಒಂದ ಹೊತ್ತಿಗೆ ಮೂರೂ ಊರಾಗ ಹೆಂಗ ಇದ್ರು? ಮತ್ತ ನೀವೂ ಮೂರೂ ಕಡಿ ಹೆಂಗ ಕಂಡ್ರಿ?"

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ಇದನ್ನ ಬರೆದವರು ಯಾರ್ರೀ?"

"ನಾನ ಸರ್."

"ಸಹಿ?"

"ತಮ್ಮದ ಸರ್. ಊಟ ಆದ ಮ್ಯಾಲೆ."

ಸಾಹೇಬರು ಮೂರೂ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಮಗುಚಿಟ್ಟರು. ಆಮೇಲೆ ಗಂಟೆ ಬಾರಿಸಿ ಎಲ್ಲರಿಗೂ ಚಹಾ ತರಲು ಹೇಳಿದರು. ಚಹಾ ಕುಡಿದವರಿಗೆ ಇಲ್ಲ ಎನ್ನಬಾರದು ಎಂಬ ಮಸ್ಕಿಯ ಪದ್ಧತಿ ಅವರಿಗೆ ಗೊತ್ತಿರಲಿಲ್ಲ, ಆದರೂ ಹಾಗೆಯೇ ನಡೆದುಕೊಂಡರು. ಸೇತುವೆಯ ಎರಡೂ ಟೆಂಡರು ತಿರಸ್ಕೃತ. ಖಾಸಿಂಸಾಬರಿಗೆ ಲಿಖಿತ ಎಚ್ಚರಿಕೆ, ಇನ್ನು ಮುಂದೆ ಯಾರಿಗೂ ಕೊಡುವುದಿಲ್ಲ ಎಂದು ಮುಚ್ಚಳಿಕೆ. ಕೊಟ್ಟ ಅಧಿಕಾರ ಪತ್ರಗಳೆಲ್ಲ ರದ್ದು. ನನಗೊಂದು ಮೆಮೊ. ಪ್ರಮಾಣಪತ್ರದ ಪದ್ಧತಿಯನ್ನು ಅವರು ಸದ್ದಿಲ್ಲದೆ ನಿಲ್ಲಿಸಿದರು. ಕಪ್ಪುಪಟ್ಟಿಯ ಮಾತು ಮತ್ತೆ ಬರಲಿಲ್ಲ.

ಇದನ್ನು ಓದಿ, ಸಾಹೇಬರನ್ನು ಸಿಕ್ಕಿಸಿದರೆ ಕೆಲಸ ಆಗುತ್ತದೆ ಎಂದು ತಿಳಿಯಬೇಡಿ. ಖಾಸಿಂಸಾಬರಿಗೆ ಪೂರ್ತಿ ಬಿಡುಗಡೆ ಸಿಗಲಿಲ್ಲ. ಸಿಂಧನೂರಿನ ಹಾಸ್ಟೆಲಿನ ಕಾಂಪೌಂಡನ್ನು ವೆಂಕಟರಾಯರು ಬೇಸಿಗೆಗೆ ಬಿರಿಯುವ ಕರಿ ಮಣ್ಣಿನಲ್ಲಿ ಬರೀ ಮೊಣಕಾಲುದ್ದ ಪಾಯ ತೆಗೆದು ಕಟ್ಟಿದ್ದರು. ಮುಂದಿನ ಬೇಸಿಗೆಗೆ ಅದು ಬಾಯಿ ಬಿಟ್ಟಿತು. ದುರಸ್ತಿ ಮಾಡಬೇಕಾದ ಅವಧಿ ಇನ್ನೂ ಮುಗಿದಿರಲಿಲ್ಲ, ಕಾಗದದಲ್ಲಿ ಹೆಸರಿದ್ದವರು ಖಾಸಿಂಸಾಬರು. ನಾನು ಅಲ್ಲಿಗೆ ಹೋದಾಗ ಅವರು ಲುಂಗಿ ಎತ್ತಿ ಕಟ್ಟಿ, ಗುಂಡಿಯೊಳಗೆ ಇಳಿದು ಕಲ್ಲು ಕೂರಿಸುತ್ತಿದ್ದರು. ಮೇಲೆ ನಿಂತಿದ್ದ ಶಾಹಿನಾ ಆಳ ಅಳೆಯುತ್ತಿದ್ದಳು. ಕಲ್ಲು ಹೊತ್ತು ತಂದುಕೊಡುತ್ತಿದ್ದವರು ಯಾರೆಂದು ನೋಡಿದರೆ, ಖುದ್ದು ವೆಂಕಟರಾಯರು.

"ಏನ್ರಿ ರಾಯರ, ನೀವು?" ಎಂದೆ.

"ಈ ಹುಡುಗಿ ಮನೆ ಮುಂದೆ ಬಂದು ಕೂತಳಂಡಿ," ಎಂದರು ಬೆವರು ಒರೆಸಿಕೊಳ್ಳುತ್ತ. "ಶೀಟು ಒಯ್ದೋರು ತೊಳದು ಕೊಡ್ತಾರ, ನೀವೂ ತೊಳದು ಕೊಡ್ರಿ ಅಂತಾಳೆ."

ಅದಾಗಿ ಒಂದು ವರ್ಷಕ್ಕೆ ಫರ್ಮು ನೋಂದಣಿಯಾಯಿತು. ಬೋರ್ಡು ಬರೆಯುವವನು 'ಅಂಡ್ ಸನ್ಸ್' ಎಂದು ಬರೆದು ರೂಢಿಯಾದವನು, ಇದನ್ನು ಹೇಗೆ ಬರೆಯಬೇಕೆಂದು ಎರಡು ಸಲ ಕೇಳಿದನಂತೆ. ನೇರವಾಗಿ ಕನ್ನಡದಲ್ಲೇ ಬರೆಸಿದರು: 'ಖಾಸಿಂಸಾಬ ಮತ್ತು ಮಗಳು, ಗುತ್ತಿಗೆದಾರರು.' ಆಮೇಲೆ ಪೆಟ್ಟಿಗೆ ಹೋಗಿ ಟೆಂಡರೆಲ್ಲ ಕಂಪ್ಯೂಟರಿಗೆ ಬಂತು. ದಸ್ಕತ್ತಿನ ಜಾಗಕ್ಕೆ ಪೆನ್‌ಡ್ರೈವಿನಂಥ ಒಂದು ಟೋಕನ್ನು ಬಂತು. ಇನ್ನು ಲೈಸನ್ಸು ಎರವಲು ಕೊಡುವುದು ನಿಂತಿತು ಎಂದು ನಾವು ಅಂದುಕೊಂಡೆವು. ಎಲ್ಲಿ! ಟೋಕನ್ನುಗಳು ಕರ್ಚೀಫಿನಲ್ಲಿ ಸುತ್ತಿಕೊಂಡು, ಕಂಡಕ್ಟರನ ಕೈಯಲ್ಲಿ ಸಿಂಧನೂರಿನಿಂದ ಮಸ್ಕಿಗೆ, ಮಸ್ಕಿಯಿಂದ ಲಿಂಗಸುಗೂರಿಗೆ ಬಸ್ಸಿನಲ್ಲಿ ತಿರುಗಾಡಿದವು. ಅಮರೇಶಪ್ಪನವರು ಶಾಹಿನಾಳ ಹತ್ತಿರವೂ ಹೋಗಿ, "ಒಂದ್ ತಾಸಿಗೆ ಕೊಡವ್ವಾ," ಎಂದರಂತೆ. "ಚಹಾ ಕುಡೀರಿ ಕಾಕಾ, ಶೀಟು ಬೇಕಂದ್ರ ಒಯ್ರಿ," ಎಂದಳಂತೆ ಅವಳು. "ಇದು ನನ್ನ ಕೈ ಐತಿ, ಇದನ್ನ ಹೆಂಗ ಕೊಡ್ಲಿ?"

ಹಾಗಾಗಿ, ಫೋನು ಮಾಡಿದ ತಂಗಿ, ನೀನು ಮಾಡಬೇಕಾದದ್ದು ಇಷ್ಟು. ಕಾಗದದ ಹೆಸರನ್ನು ಕೂಗು, ಎದ್ದವರನ್ನು ಎಣಿಸು. ಯಾವ ಕೆಲಸಕ್ಕೆ ಎಂದು ಬರೆಯದ ಅಧಿಕಾರ ಪತ್ರವನ್ನು ಮುಟ್ಟಬೇಡ. ಓದಲು ಬಾರದವರಿಗೆ ಓದಿ ಹೇಳು. ಅದು ನಿನ್ನ ಕೆಲಸದ ಪಟ್ಟಿಯಲ್ಲಿ ಇಲ್ಲ, ಆದರೂ ಓದಿ ಹೇಳು.

ನಾನು ನಿವೃತ್ತಳಾಗುವ ವಾರ ಕೊನೆಯದಾಗಿ ಒಂದು ಕಾರ್ಯಾದೇಶ ಕೊಡುವುದಿತ್ತು. ಈಗೆಲ್ಲ ಹೆಸರು ಕೂಗುವ ಅಗತ್ಯವಿಲ್ಲ, ಮೊಬೈಲಿಗೆ ಸಂದೇಶ ಹೋಗುತ್ತದೆ. ಆದರೂ ವರಾಂಡಕ್ಕೆ ಬಂದು ಮೊದಲ ವಾರದ ಹಾಗೆಯೇ ಗಂಟಲು ಸರಿಮಾಡಿಕೊಂಡು, "ಖಾಸಿಂಸಾಬ ಮತ್ತು ಮಗಳು, ಮಸ್ಕಿ!" ಎಂದು ಕೂಗಿದೆ. ಬೆಂಚಿನ ಮೇಲಿದ್ದ ಶಾಹಿನಾ ಎದ್ದಳು. ಅಮರೇಶಪ್ಪನವರು ಅವಳ ಪಕ್ಕದಲ್ಲೇ ಇದ್ದರು, ಕೂತೇ ಇದ್ದರು.

ಹೊರಗೆ ಮೆಟ್ಟಿಲ ಮೇಲೆ ಖಾಸಿಂಸಾಬರು ಕೂತಿದ್ದರು. ಮೊಣಕಾಲು ಹಿಡಿದುಕೊಂಡಿದ್ದವು, ಗೋಡೆ ಹಿಡಿದು ನಿಧಾನಕ್ಕೆ ಮೇಲೆದ್ದರು. ಬಸಿಯನ್ನು ಪಕ್ಕಕ್ಕಿಟ್ಟು, ಟೊಪ್ಪಿಗೆ ಸರಿಮಾಡಿಕೊಂಡು ನನ್ನ ಕಡೆ ನೋಡಿ ನಕ್ಕರು.

"ಇದು ನಂದ ಐತ್ರಿ ಬಾಯಿ," ಎಂದರು.